ಅಂಗಾಂಶ ವಿಜ್ಞಾನಿ ಫ್ರಾಂಟ್ಸ್ ಲೈಡಿಗ್ : ಜೀವನ ಮತ್ತು ಕಾಯಕ

ಕಾಯಕವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೈಯ ದುಡಿಮೆ. ನೇಗಿಲು ಹಿಡಿದವನ ಕಾಯಕ ಹೊಲದಲ್ಲಿ ಕಾಣುತ್ತದೆ. ಮಗ್ಗದ ಮುಂದೆ ಕುಳಿತವನ ಕಾಯಕ ಬಟ್ಟೆಯಲ್ಲಿ ಕಾಣುತ್ತದೆ. ಆದರೆ ಕಣ್ಣಿನಿಂದ ಮಾಡುವ ಕಾಯಕವೂ ಒಂದುಂಟು. ಸೃಷ್ಟಿಯಲ್ಲಿರುವುದನ್ನು ಇದ್ದಂತೆಯೇ ನೋಡುವುದು, ನೋಡಿದುದನ್ನು ಕೂಡಿಸದೆ ಕಳೆಯದೆ ಬರೆದಿಡುವುದು, ಅದರಿಂದ ತನಗೇನು ಫಲವೆಂದು ಕೇಳದೆ ಮುಂದಿನವರ ಕೈಗೆ ಒಪ್ಪಿಸುವುದು ಆ ಕಾಯಕದ ಲಕ್ಷಣ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಇಂತಹ ಕಾಯಕವನ್ನು ಅರವತ್ತು ವರ್ಷಗಳಿಗೂ ಮಿಗಿಲಾಗಿ ನಡೆಸಿದ ಮಹನೀಯರಲ್ಲಿ ಫ್ರಾಂಟ್ಸ್ ಲೈಡಿಗ್ ಅವರು ಅಗ್ರಗಣ್ಯರು.

ಪದವಿಪೂರ್ವ ತರಗತಿಯ ಜೀವಶಾಸ್ತ್ರವನ್ನು ಓದಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಇವರ ಹೆಸರು ಪರಿಚಿತವೇ. ಆಂಗ್ಲರ ಉಚ್ಚಾರಣೆಯನ್ನು ಅನುಸರಿಸಿ ಲೇಡಿಗ್ ಎಂದು ಬರೆಯುವುದೂ ಉಂಟು. ವೃಷಣದ ಒಳರಚನೆಯನ್ನು ವಿವರಿಸುವ ಪಾಠದಲ್ಲಿ ಲೇಡಿಗ್ ಕೋಶಗಳೆಂಬ ಮಾತು ಬರುತ್ತದೆ. ವಿದ್ಯಾರ್ಥಿಯು ಅದನ್ನು ಬಾಯಿಪಾಠ ಮಾಡುತ್ತಾನೆ. ಪರೀಕ್ಷೆಯಲ್ಲಿ ಚಿತ್ರ ಬರೆದು ಹೆಸರು ಗುರುತಿಸುತ್ತಾನೆ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನೆಂಬುದು, ಆತ ತಾನು ಕಂಡುದರ ಪ್ರಯೋಜನವನ್ನು ಅರಿಯದೆಯೇ ಅದನ್ನು ಲೋಕಕ್ಕೆ ಕೊಟ್ಟನೆಂಬುದು ಅನೇಕರಿಗೆ ತಿಳಿದಿಲ್ಲ. ಕುರುಹು ಬೇರೆ, ಅರಿವು ಬೇರೆ. ಕುರುಹಿನ ಮೂಲಕವೇ ಅರಿವಿಗೆ ಏರಬೇಕೆಂಬುದು ಶರಣರ ಹಾದಿಯನ್ನು ಬಲ್ಲವರಿಗೆ ಹೊಸ ಮಾತಲ್ಲ. ಲೈಡಿಗ್ ಅವರು ಕಂಡು ತೋರಿಸಿದ್ದು ಕುರುಹು. ಅದರ ಅರಿವು ಲೋಕಕ್ಕೆ ಮೂಡಲು ಅರ್ಧ ಶತಮಾನವೇ ಬೇಕಾಯಿತು.

ಜನನ ಮತ್ತು ಬಾಲ್ಯ

ಜರ್ಮನಿಯ ದಕ್ಷಿಣ ಭಾಗದ ಬವೇರಿಯಾ ಪ್ರಾಂತದಲ್ಲಿ ಟೌಬರ್ ಎಂಬ ಚಿಕ್ಕ ನದಿಯುಂಟು. ಅದರ ಕಣಿವೆಯ ಮೇಲಣ ದಿಣ್ಣೆಯಲ್ಲಿ ರೋಥೆನ್‌ಬುರ್ಗ್ ಎಂಬ ಪುರಾತನ ಪಟ್ಟಣವಿದೆ. ಸುತ್ತಲೂ ಕಲ್ಲಿನ ಕೋಟೆ, ಬುರುಜುಗಳು, ಹೆಬ್ಬಾಗಿಲುಗಳು, ಒಳಗೆ ಇಕ್ಕಟ್ಟಾದ ಬೀದಿಗಳು. ರಾಯಚೂರಿನ ಕೋಟೆಯನ್ನು ಕಂಡವರಿಗೆ ಅಂತಹ ಊರನ್ನು ಊಹಿಸಿಕೊಳ್ಳುವುದು ಕಷ್ಟವಾಗದು. ಆ ಪಟ್ಟಣದಲ್ಲಿ 1821ರ ಮೇ 21ರಂದು ಫ್ರಾಂಟ್ಸ್ ಲೈಡಿಗ್ ಅವರು ಜನಿಸಿದರು. ತಂದೆ ಮೆಲ್ಕಿಯೋರ್ ಲೈಡಿಗ್ ಸರ್ಕಾರಿ ಸೇವೆಯಲ್ಲಿದ್ದ ಸಾಮಾನ್ಯ ಅಧಿಕಾರಿ. ತಾಯಿ ಮಾರ್ಗರೇಟಾ. ಮೂವರು ಮಕ್ಕಳಲ್ಲಿ ಫ್ರಾಂಟ್ಸ್ ಒಬ್ಬನೇ ಗಂಡುಮಗ. ತಂದೆ ಕ್ಯಾಥೊಲಿಕ್ ಪಂಥದವರು, ತಾಯಿ ಪ್ರಾಟೆಸ್ಟೆಂಟ್ ಪಂಥದವರು. ಎರಡು ಪಂಥಗಳ ನಡುವೆ ವೈಮನಸ್ಯವಿದ್ದ ಆ ನಾಡಿನಲ್ಲಿ ಒಂದೇ ಮನೆಯೊಳಗೆ ಎರಡೂ ಕೂಡಿ ಬಾಳಿದವು.

ಮೆಲ್ಕಿಯೋರ್ ಅವರಿಗೆ ತೋಟಗಾರಿಕೆಯಲ್ಲಿಯೂ ಜೇನುಸಾಕಣೆಯಲ್ಲಿಯೂ ಅತೀವ ಆಸಕ್ತಿ. ಗಿಡಕ್ಕೆ ನೀರೆರೆಯುವಾಗ, ಜೇನುಗೂಡನ್ನು ತೆರೆದು ನೋಡುವಾಗ ಮಗನೂ ಜೊತೆಗಿರುತ್ತಿದ್ದ. ತಂದೆಯ ಹವ್ಯಾಸವೇ ಮಗನ ವಿದ್ಯೆಗೆ ಬೀಜವಾಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಆ ಬಾಲಕನ ಕೈಗೆ ಒಂದು ಸಾಧಾರಣ ಸೂಕ್ಷ್ಮದರ್ಶಕ ಬಂದಿತು. ಅಂದಿನಿಂದ ಬಿಡುವಿನ ವೇಳೆಯೆಲ್ಲ ಅದರ ಮುಂದೆಯೇ ಕಳೆಯಿತು. ಬೆಲೆಬಾಳುವ ಉಪಕರಣವಾಗಲಿ, ದೊಡ್ಡ ಪ್ರಯೋಗಶಾಲೆಯಾಗಲಿ ಅಲ್ಲಿರಲಿಲ್ಲ. ಒಂದು ಮಸೂರ, ಒಂದು ಕಿಟಕಿಯ ಬೆಳಕು, ನೋಡಬೇಕೆಂಬ ಹಂಬಲ ಇಷ್ಟೇ ಬಂಡವಾಳ. ಮುಂದೆ ಯುರೋಪಿನ ವಿದ್ವನ್ಮಂಡಲಿಯೇ ಮನ್ನಿಸಿದ ಪಾಂಡಿತ್ಯಕ್ಕೆ ತಳಹದಿ ಬಿದ್ದುದು ಇಲ್ಲಿ.

ವಿದ್ಯಾಭ್ಯಾಸ ಮತ್ತು ಗುರುಸನ್ನಿಧಿ

1840ರಲ್ಲಿ ಲೈಡಿಗ್ ಅವರು ಮ್ಯೂನಿಕ್ ವಿಶ್ವವಿದ್ಯಾಲಯಕ್ಕೆ ಹೋಗಿ ಮೊದಲು ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿದರು. 1842ರಲ್ಲಿ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯವನ್ನು ಸೇರಿ ವೈದ್ಯಶಾಸ್ತ್ರವನ್ನು ಕೈಗೊಂಡರು. 1847ರ ಆಗಸ್ಟ್ ತಿಂಗಳಲ್ಲಿ ವೈದ್ಯಶಾಸ್ತ್ರದ ಡಾಕ್ಟರೇಟ್ ಪದವಿ ಅವರಿಗೆ ದೊರೆಯಿತು. ವೈದ್ಯವೃತ್ತಿಯಲ್ಲಿ ನೆಲೆಗೊಂಡು ಹಣಗಳಿಸುವ ದಾರಿ ಮುಂದೆ ತೆರೆದಿದ್ದರೂ ಅವರ ಮನಸ್ಸು ಅತ್ತ ಹರಿಯಲಿಲ್ಲ. ಅದೇ ವರ್ಷ ವ್ಯೂರ್ತ್ಸ್‌ಬುರ್ಗ್‌ಗೆ ಪ್ರಾಧ್ಯಾಪಕರಾಗಿ ಬಂದ ಆಲ್ಬರ್ಟ್ ಕೋಲಿಕರ್ ಅವರ ಬಳಿ ಸಹಾಯಕರಾಗಿ ನಿಂತರು.

ಕೋಲಿಕರ್ ಅವರು ಸ್ವಿಟ್ಜರ್ಲೆಂಡಿನ ವಿದ್ವಾಂಸರು. ಸೂಕ್ಷ್ಮ ಅಂಗರಚನಾಶಾಸ್ತ್ರದ ಪ್ರವರ್ತಕರಲ್ಲೊಬ್ಬರು. ಶುಕ್ರಾಣುಗಳು ಹೊರಗಿನಿಂದ ಬಂದು ಸೇರಿಕೊಂಡ ಕ್ರಿಮಿಗಳಲ್ಲ, ದೇಹದ ಜೀವಕೋಶಗಳಿಂದಲೇ ಹುಟ್ಟತಕ್ಕವು ಎಂಬುದನ್ನು 1841ರಲ್ಲಿಯೇ ಪ್ರತಿಪಾದಿಸಿದ್ದರು. ಇಂತಹ ಗುರುವಿನ ಸನ್ನಿಧಿಯಲ್ಲಿ ಲೈಡಿಗ್ ಅವರು 1848ರಲ್ಲಿ ಅಂಗಚ್ಛೇದನ ವಿಭಾಗದ ಸಹಾಯಕರಾಗಿ, 1849ರಲ್ಲಿ ಉಪನ್ಯಾಸ ಮಾಡುವ ಅರ್ಹತೆಯನ್ನು ಪಡೆದವರಾಗಿ ಮುಂದುವರಿದರು. ಅದೇ 1849ರಲ್ಲಿ ರುಡಾಲ್ಫ್ ವಿರ್ಶೋ ಅವರೂ ವ್ಯೂರ್ತ್ಸ್‌ಬುರ್ಗ್‌ಗೆ ಬಂದುದರಿಂದ ಆ ವಿದ್ಯಾಪೀಠವು ಜೀವಕೋಶ ವಿಜ್ಞಾನದ ಕೇಂದ್ರವಾಗಿ ಪರಿಣಮಿಸಿತು. ಸಸ್ಯಗಳು ಜೀವಕೋಶಗಳಿಂದಾದವು ಎಂದು ಶ್ಲೈಡೆನ್ ಅವರು 1838ರಲ್ಲಿಯೂ, ಪ್ರಾಣಿಗಳೂ ಹಾಗೆಯೇ ಎಂದು ಶ್ವಾನ್ ಅವರು 1839ರಲ್ಲಿಯೂ ಸಾರಿ ಇನ್ನೂ ಹನ್ನೆರಡು ವರ್ಷ ತುಂಬಿರಲಿಲ್ಲ. ದೇಹದ ಪ್ರತಿಯೊಂದು ಅಂಗವನ್ನೂ ಹೊಸ ಕಣ್ಣಿನಿಂದ ನೋಡಬೇಕಾದ ಕಾಲವದು.

ಲೈಡಿಗ್ ಅವರಿಗೆ ಮುಂಚಿನ ತಿಳಿವಳಿಕೆ

ಲೈಡಿಗ್ ಅವರ ಸಾಧನೆಯನ್ನು ಅಳೆಯಬೇಕಾದರೆ ಅವರಿಗೆ ಮುಂಚೆ ಲೋಕಕ್ಕೆ ಏನು ತಿಳಿದಿತ್ತೆಂಬುದನ್ನು ನೋಡಬೇಕು. ಹೋರಿಗೆ ಬೀಜ ಒಡೆಸಿದರೆ ಅದು ಸೌಮ್ಯವಾದ ಎತ್ತಾಗುತ್ತದೆ, ನೊಗಕ್ಕೆ ಹೆಗಲು ಕೊಡುತ್ತದೆ ಎಂಬುದನ್ನು ಮಾನ್ವಿ, ದೇವದುರ್ಗ ಸೀಮೆಯ ಒಕ್ಕಲಿಗನಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಕೃಷಿಯಷ್ಟೇ ಹಳೆಯದಾದ ಈ ಅನುಭವ ಎಲ್ಲ ದೇಶಗಳಲ್ಲಿಯೂ ಇತ್ತು. ವೃಷಣವನ್ನು ತೆಗೆದರೆ ಸಂತಾನಶಕ್ತಿ ಹೋಗುತ್ತದೆ. ಅದರೊಡನೆ ಹೋರಿಯ ಭುಜದ ಉಬ್ಬು, ದನಿಯ ಗಡಸು, ಹಾಯುವ ಸಿಟ್ಟು ಎಲ್ಲವೂ ಕುಗ್ಗುತ್ತವೆ. ಹೀಗಾಗುವುದನ್ನು ಎಲ್ಲರೂ ಬಲ್ಲರು. ಏಕೆ ಹೀಗಾಗುತ್ತದೆಂಬುದನ್ನು ಯಾರೂ ಅರಿಯರು. ನಮ್ಮ ಆಯುರ್ವೇದವು ಶುಕ್ರವನ್ನು ಸಪ್ತಧಾತುಗಳಲ್ಲಿ ಕೊನೆಯದೆಂದು ಎಣಿಸಿ, ಅದು ದೇಹವನ್ನೆಲ್ಲ ವ್ಯಾಪಿಸಿದೆಯೆಂದು ಹೇಳಿತು. ಪುರುಷತ್ವವೆಂಬುದು ಒಂದು ಅಂಗಕ್ಕೆ ಮಾತ್ರ ಸೀಮಿತವಾದುದಲ್ಲವೆಂಬ ಹೊಳಹು ಅದರಲ್ಲಿದೆ. ಆದರೆ ಕಣ್ಣಿಗೆ ಕಾಣುವ ಪ್ರಮಾಣ ಅಂದಿನವರಿಗೆ ದೊರೆತಿರಲಿಲ್ಲ.

ಯುರೋಪಿನಲ್ಲಿ ಪ್ರಮಾಣವನ್ನು ಹುಡುಕಹೊರಟವರಿಗೆ ನೆರವಾದುದು ದಂಶಕ ವರ್ಗದ ಪ್ರಾಣಿಗಳು, ಅಂದರೆ ಇಲಿ, ಹೆಗ್ಗಣ, ಅಳಿಲು ಮೊದಲಾದ ಕೊರೆಯುವ ಹಲ್ಲಿನ ಜೀವಿಗಳು. ಹಾಲೆಂಡಿನ ರೆನಿಯರ್ ಡಿ ಗ್ರಾಫ್ ಅವರು 1668ರಲ್ಲಿ ಪುರುಷ ಜನನಾಂಗಗಳನ್ನು ಕುರಿತು ಬರೆದ ಗ್ರಂಥದಲ್ಲಿ ವೃಷಣವು ತಿರುಳಿನ ಗಡ್ಡೆಯಲ್ಲ, ನೂಲಿನ ಉಂಡೆಯಂತೆ ಸುತ್ತಿಕೊಂಡ ಅತಿ ಸಣ್ಣ ನಾಳಿಕೆಗಳ ಸಮೂಹವೆಂದು ತೋರಿಸಿದರು. ಅಳಿಲನ್ನು ಹೋಲುವ ಡಾರ್‌ಮೌಸ್ ಎಂಬ ದಂಶಕದಲ್ಲಿ ಆ ನಾಳಿಕೆಗಳನ್ನು ಸುಲಭವಾಗಿ ಬಿಡಿಸಿ ತೋರಿಸಲು ಅವರಿಗೆ ಸಾಧ್ಯವಾಯಿತು. 1677ರಲ್ಲಿ ಅದೇ ಡೆಲ್ಫ್ಟ್ ಪಟ್ಟಣದ ಲ್ಯೂವೆನ್‌ಹುಕ್ ಅವರು ತಾವೇ ತಿಕ್ಕಿ ಮಾಡಿದ ಮಸೂರದ ಮೂಲಕ ಚಲಿಸುವ ಶುಕ್ರಾಣುಗಳನ್ನು ಕಂಡರು. ಬೀಜವು ನಾಳಿಕೆಗಳಲ್ಲಿ ಹುಟ್ಟುತ್ತದೆಂಬುದು ಕ್ರಮೇಣ ಸ್ಥಿರವಾಯಿತು. ಹಾಗಾದರೆ ನಾಳಿಕೆಗೂ ನಾಳಿಕೆಗೂ ನಡುವೆ ಇರುವ ಸಂದಿನಲ್ಲಿ ಏನಿದೆ? ಹತ್ತಿಯ ಮೂಟೆಯಲ್ಲಿ ಹತ್ತಿಯನ್ನು ಎಣಿಸುತ್ತಾರೆಯೇ ಹೊರತು ನಡುವಣ ಗಾಳಿಯನ್ನು ಯಾರೂ ಎಣಿಸುವುದಿಲ್ಲ. ಆ ಸಂದಿಯತ್ತ ಗಮನವಿಟ್ಟು ನೋಡಿದವರು ಇರಲಿಲ್ಲ.

1850ರ ಪ್ರಬಂಧ

ಕೋಲಿಕರ್ ಮತ್ತು ಸೀಬೋಲ್ಡ್ ಎಂಬ ಇಬ್ಬರು ವಿದ್ವಾಂಸರು 1848ರಲ್ಲಿ ಪ್ರಾಣಿಶಾಸ್ತ್ರಕ್ಕೆಂದೇ ಒಂದು ಪತ್ರಿಕೆಯನ್ನು ಆರಂಭಿಸಿದ್ದರು. ಅದರ ಎರಡನೆಯ ಸಂಪುಟದಲ್ಲಿ, 1850ರಲ್ಲಿ, ಸ್ತನಿಗಳ ಪುರುಷ ಜನನಾಂಗಗಳನ್ನೂ ಗುದಗ್ರಂಥಿಗಳನ್ನೂ ಕುರಿತ ಲೈಡಿಗ್ ಅವರ ದೀರ್ಘ ಪ್ರಬಂಧವು ಅಚ್ಚಾಯಿತು. ಆಗ ಅವರಿಗೆ ಇಪ್ಪತ್ತೊಂಬತ್ತರ ಆಸುಪಾಸಿನ ಪ್ರಾಯ.

ಈ ಪ್ರಬಂಧದ ವೈಶಿಷ್ಟ್ಯವೆಂದರೆ ಅದರ ತುಲನಾತ್ಮಕ ದೃಷ್ಟಿ. ಒಂದೇ ಪ್ರಾಣಿಯನ್ನು ಕೊಯ್ದು ಅದನ್ನೇ ಎಲ್ಲಕ್ಕೂ ಅನ್ವಯಿಸಿ ಹೇಳುವ ಅವಸರ ಅವರದಲ್ಲ. ಸ್ತನಿಗಳ ಬೇರೆ ಬೇರೆ ಗಣಗಳನ್ನು ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದರಲ್ಲಿಯೂ ವೃಷಣ, ಅದರಿಂದ ಹೊರಡುವ ನಾಳ, ವೀರ್ಯಕೋಶಿಕೆ, ಪ್ರಾಸ್ಟೇಟ್ ಗ್ರಂಥಿ ಮುಂತಾದ ಸಹಾಯಕ ಗ್ರಂಥಿಗಳು ಹೇಗಿವೆಯೆಂದು ಬರಿಗಣ್ಣಿನಿಂದಲೂ ಸೂಕ್ಷ್ಮದರ್ಶಕದಿಂದಲೂ ಪರೀಕ್ಷಿಸಿದರು. ಇಂತಹ ತುಲನೆಗೆ ದಂಶಕಗಳು ವಿಶೇಷವಾಗಿ ಒದಗುತ್ತವೆ. ಗಾತ್ರದಲ್ಲಿ ಅಲ್ಪವಾದ ಈ ಜೀವಿಗಳಲ್ಲಿ ಸಹಾಯಕ ಗ್ರಂಥಿಗಳ ವೈಭವ ಬೆರಗುಗೊಳಿಸುವಂತಹುದು. ಗಂಡಿಲಿಯ ವೀರ್ಯಕೋಶಿಕೆಗಳು ಟಗರಿನ ಕೊಂಬಿನಂತೆ ಬಾಗಿ ಬೆಳೆದಿರುತ್ತವೆ. ಅವುಗಳ ಒಳಮಗ್ಗುಲಿಗೆ ಅಂಟಿಕೊಂಡು, ಸ್ರಾವವನ್ನು ಹೆಪ್ಪುಗಟ್ಟಿಸುವ ಇನ್ನೊಂದು ಗ್ರಂಥಿಯಿರುತ್ತದೆ. ಮನುಷ್ಯನಲ್ಲಿ ಒಂದೇ ಗಡ್ಡೆಯಂತೆ ಕಾಣುವ ಪ್ರಾಸ್ಟೇಟ್ ಇಲಿಯಲ್ಲಿ ಬೇರೆ ಬೇರೆ ಹಾಲೆಗಳಾಗಿ ಬಿಡಿಬಿಡಿಯಾಗಿ ನಿಂತಿರುತ್ತದೆ. ಮನುಷ್ಯನಲ್ಲಿ ಒಂದರೊಳಗೊಂದು ಬೆರೆತುಹೋದುದನ್ನು ಪ್ರಕೃತಿಯು ಇಲಿಯಲ್ಲಿ ಬಿಡಿಸಿ ತೋರಿಸಿದೆಯೆಂದರೆ ತಪ್ಪಾಗದು.

ಆ ಕಾಲದ ಸಲಕರಣೆಗಳನ್ನು ನೆನೆದರೆ ಈ ದುಡಿಮೆಯ ಕಷ್ಟ ಗೋಚರವಾಗುತ್ತದೆ. ಇಂದು ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ, ಯಂತ್ರದಿಂದ ಕೂದಲಿಗಿಂತ ತೆಳುವಾಗಿ ಸೀಳಿ, ಬಣ್ಣಗಳಲ್ಲಿ ಅದ್ದಿ ನೋಡುತ್ತಾರೆ. 1850ರಲ್ಲಿ ಇವು ಯಾವುವೂ ಬಳಕೆಗೆ ಬಂದಿರಲಿಲ್ಲ. ಕಾರ್ಮೈನ್ ಎಂಬ ಕೆಂಪು ಬಣ್ಣದಿಂದ ಅಂಗಾಂಶಗಳನ್ನು ರಂಜಿಸುವ ಕ್ರಮವನ್ನು ಗೆರ್ಲಾಕ್ ಅವರು ಪ್ರಚಾರಕ್ಕೆ ತಂದುದು 1858ರಲ್ಲಿ. ಆದುದರಿಂದ ಅಂದಿನವರು ಹಸಿ ಅಂಗಾಂಶವನ್ನು ಸೂಜಿಗಳಿಂದ ಎಳೆಎಳೆಯಾಗಿ ಬಿಡಿಸಬೇಕಿತ್ತು. ಇಲ್ಲವೆ ಕ್ಷೌರದ ಕತ್ತಿಯಂತಹ ಅಲಗಿನಿಂದ ಕೈಯಲ್ಲಿಯೇ ತೆಳುವಾಗಿ ಕೊಯ್ಯಬೇಕಿತ್ತು. ಬಣ್ಣವಿಲ್ಲದ ಆ ಚೂರಿನಲ್ಲಿ ಒಂದು ಕೋಶದ ಅಂಚು ಎಲ್ಲಿ ಮುಗಿದು ಮತ್ತೊಂದರ ಅಂಚು ಎಲ್ಲಿ ಆರಂಭವಾಗುತ್ತದೆಂದು ತಿಳಿಯುವುದು ಬರಿಯ ಕಣ್ಣಿನ ತಾಳ್ಮೆಯಿಂದ ಆಗಬೇಕಾದ ಕೆಲಸ.

ಹೀಗೆ ನೋಡುತ್ತಿರುವಾಗ ಲೈಡಿಗ್ ಅವರಿಗೆ ನಾಳಿಕೆಗಳ ನಡುವಣ ಸಂದಿನಲ್ಲಿ ಒಂದು ವಿಶಿಷ್ಟ ಜಾತಿಯ ಕೋಶಗಳು ಗೋಚರಿಸಿದವು. ಅವು ಬೀಜ ಹುಟ್ಟಿಸುವ ಕೋಶಗಳಲ್ಲ. ನಾಳಿಕೆಯ ಹೊರಗೆ, ರಕ್ತನಾಳಗಳ ಮತ್ತು ನರಗಳ ನೆರೆಯಲ್ಲಿ ಇರತಕ್ಕವು. ಅವುಗಳ ಸಂಖ್ಯೆ ಅಲ್ಪವಾಗಿರುವ ಕಡೆ ಅವು ರಕ್ತನಾಳಗಳ ಜಾಡನ್ನೇ ಹಿಡಿದು ಸಾಗುತ್ತವೆ. ಹೇರಳವಾಗಿರುವ ಕಡೆ ನಾಳಿಕೆಗಳನ್ನೆಲ್ಲ ಸುತ್ತುವರಿದು ಅವಕ್ಕೆ ಹಾಸಿಗೆಯಂತಾಗುತ್ತವೆ. ಅವುಗಳ ಒಳಗೆ ಮೇದಸ್ಸಿನಂತಹ ಪದಾರ್ಥವಿದೆ. ಕೆಲವೆಡೆ ಬಣ್ಣವಿಲ್ಲ, ಕೆಲವೆಡೆ ನಸುಹಳದಿ ಛಾಯೆಯಿದೆ. ಕೋಶಕೇಂದ್ರವು ತಿಳಿಯಾದ ಗುಳ್ಳೆಯಂತಿದೆ. ಇಷ್ಟನ್ನೂ ಅವರು ಒಂದಿನಿತೂ ಆಡಂಬರವಿಲ್ಲದ ಮಾತುಗಳಲ್ಲಿ ಬರೆದರು. ಇಂದಿನ ಸೂಕ್ಷ್ಮದರ್ಶಕಗಳಿಂದ ನೋಡಿದರೂ ಈ ವರ್ಣನೆಯ ಸಾರದಲ್ಲಿ ತಿದ್ದಬೇಕಾದುದು ಇಲ್ಲ. ಹಂದಿ ಮತ್ತು ಕುದುರೆಗಳಲ್ಲಿ ಈ ಕೋಶಗಳು ಸಂದನ್ನೆಲ್ಲ ತುಂಬಿರುತ್ತವೆ. ಇಲಿಯಲ್ಲಾದರೋ ವೃಷಣದ ಗಾತ್ರದಲ್ಲಿ ಸುಮಾರು ಶೇಕಡ 3ರಷ್ಟು ಮಾತ್ರ ಇದ್ದು, ರಕ್ತನಾಳಗಳ ಬಳಿ ಚಿಕ್ಕ ಗುಂಪುಗಳಾಗಿ ನಿಲ್ಲುತ್ತವೆ.

ಲೈಡಿಗ್ ಅವರು ಈ ಕೋಶಗಳ ಕಾರ್ಯವೇನೆಂದು ಹೇಳಲಿಲ್ಲ. ಹೇಳಲು ಆಗ ಆಧಾರವಿರಲಿಲ್ಲ. ಮನಸ್ಸಿಗೆ ತೋಚಿದ ಸಿದ್ಧಾಂತವೊಂದನ್ನು ಕಟ್ಟಿ ಕೀರ್ತಿ ಗಳಿಸುವ ಆಸೆ ಅವರಿಗಿದ್ದಿದ್ದರೆ ಅಡ್ಡಿಪಡಿಸುವವರಾರೂ ಇರಲಿಲ್ಲ. ಕಂಡಷ್ಟನ್ನು ಹೇಳಿ ಅಲ್ಲಿಗೆ ನಿಲ್ಲಿಸಿದ ಈ ಸಂಯಮದಲ್ಲಿಯೇ ಅವರ ಹಿರಿಮೆಯಿದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹಿಂದಿನ ವರ್ಷವೇ, ಎಂದರೆ 1849ರಲ್ಲಿ, ಜರ್ಮನಿಯದೇ ಆದ ಗ್ಯೋಟಿಂಗನ್ ನಗರದಲ್ಲಿ ಬೆರ್ಟೋಲ್ಡ್ ಎಂಬ ಪ್ರಾಧ್ಯಾಪಕರು ಎಳೆಯ ಹುಂಜಗಳ ವೃಷಣಗಳನ್ನು ತೆಗೆದು, ಕೆಲವಕ್ಕೆ ಅದೇ ಗ್ರಂಥಿಯನ್ನು ಹೊಟ್ಟೆಯೊಳಗೆ ಬೇರೆಡೆ ನೆಟ್ಟು ನೋಡಿದ್ದರು. ನೆಟ್ಟ ಹುಂಜಗಳು ಜುಟ್ಟು ಬೆಳೆಸಿ, ಕೂಗಿ, ಕಾದಾಡಿ ಹುಂಜಗಳಾಗಿಯೇ ಉಳಿದವು, ಉಳಿದವು ಹಾಗಾಗಲಿಲ್ಲ. ನರಗಳ ಸಂಬಂಧ ಕಡಿದುಹೋಗಿದ್ದರೂ ಹೀಗಾದುದರಿಂದ ವೃಷಣವು ರಕ್ತದ ಮೂಲಕವೇ ದೇಹದ ಮೇಲೆ ಪ್ರಭಾವ ಬೀರುತ್ತದೆಂದು ಅವರು ತೀರ್ಮಾನಿಸಿದರು. ಒಬ್ಬರು ಕಾರ್ಯವನ್ನು ಕಂಡರು, ಅದನ್ನು ಮಾಡುವ ಕೋಶವನ್ನು ಕಾಣಲಿಲ್ಲ. ಮತ್ತೊಬ್ಬರು ಕೋಶವನ್ನು ಕಂಡರು, ಅದರ ಕಾರ್ಯವನ್ನು ಕಾಣಲಿಲ್ಲ. ಒಂದೇ ಭಾಷೆಯನ್ನಾಡುವ ನಾಡಿನಲ್ಲಿ ಒಂದೇ ವರ್ಷದ ಅಂತರದಲ್ಲಿ ದೊರೆತ ಈ ಎರಡು ಸತ್ಯಗಳು ಒಂದನ್ನೊಂದು ಕೂಡಲು ಐವತ್ತು ವರ್ಷಗಳ ಮೇಲಾಯಿತು.

ಗ್ರಂಥರಚನೆ ಮತ್ತು ಅಧ್ಯಾಪನ

1850ರ ಚಳಿಗಾಲದಲ್ಲಿ ಲೈಡಿಗ್ ಅವರು ಸಾರ್ಡಿನಿಯಾ ದ್ವೀಪಕ್ಕೆ ಪ್ರವಾಸ ಹೋಗಿ ಅಲ್ಲಿಯ ಸಮುದ್ರಜೀವಿಗಳನ್ನು ಅಭ್ಯಾಸ ಮಾಡಿದರು. ಅವರ ಕಣ್ಣಿಗೆ ಯಾವ ಜೀವಿಯೂ ಕ್ಷುದ್ರವಲ್ಲ. ಕೆರೆಯ ಬಸವನಹುಳು, ನೀರಿನ ಚಿಗಟ, ಮೀನು, ಕಪ್ಪೆ, ಹಲ್ಲಿ, ಕೀಟ ಎಲ್ಲವೂ ಅವರ ಮಸೂರದ ಕೆಳಗೆ ಬಂದುಹೋದವು. ಮೀನುಗಳ ಚರ್ಮದ ಲೋಳೆಕೋಶಗಳು, ಕೀಟಗಳ ನರಮಂಡಲದ ಒಳರಚನೆ ಮೊದಲಾದವನ್ನು ಕುರಿತ ಅವರ ಶೋಧನೆಗಳು ಆಯಾ ಕ್ಷೇತ್ರದಲ್ಲಿ ಮುಂದಿನವರಿಗೆ ಬುನಾದಿಯಾದವು. 1855ರಲ್ಲಿ ವ್ಯೂರ್ತ್ಸ್‌ಬುರ್ಗ್‌ನಲ್ಲಿ ಅವರಿಗೆ ಪ್ರಾಧ್ಯಾಪಕ ಪದವಿ ದೊರೆಯಿತು. ಮುಂದೆ ಜೀವವಿಕಾಸವಾದದ ಪ್ರಚಾರಕರಾಗಿ ಜಗತ್ಪ್ರಸಿದ್ಧರಾದ ಎರ್ನ್ಸ್ಟ್ ಹೆಕೆಲ್ ಅವರು ಅಲ್ಲಿ ವಿದ್ಯಾರ್ಥಿಯಾಗಿ ಲೈಡಿಗ್ ಅವರ ಪಾಠಗಳನ್ನು ಕೇಳಿದವರು.

1857ನೆಯ ವರ್ಷ ಅವರ ಬಾಳಿನಲ್ಲಿ ಮಹತ್ತ್ವದ್ದು. ಆ ವರ್ಷ ಅವರು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪೂರ್ಣ ಪ್ರಾಧ್ಯಾಪಕರಾಗಿ ನಿಯುಕ್ತರಾದರು. ಅದೇ ವರ್ಷ ಮನುಷ್ಯನ ಮತ್ತು ಪ್ರಾಣಿಗಳ ಅಂಗಾಂಶಶಾಸ್ತ್ರವನ್ನು ಕುರಿತ ಅವರ ಮಹಾಗ್ರಂಥವು ಪ್ರಕಟವಾಯಿತು. ಅದಕ್ಕೆ ಮುಂಚಿನ ಅಂಗಾಂಶಶಾಸ್ತ್ರ ಗ್ರಂಥಗಳು ಬಹುಮಟ್ಟಿಗೆ ಮನುಷ್ಯನನ್ನೇ ಕೇಂದ್ರವಾಗಿಟ್ಟುಕೊಂಡಿದ್ದವು. ಲೈಡಿಗ್ ಅವರು ಮನುಷ್ಯನನ್ನು ಸಕಲ ಪ್ರಾಣಿಗಳ ಸಾಲಿನಲ್ಲಿ ನಿಲ್ಲಿಸಿ, ಒಂದೇ ಬಗೆಯ ಅಂಗಾಂಶವು ಹುಳುವಿನಲ್ಲಿ, ಮೀನಿನಲ್ಲಿ, ಇಲಿಯಲ್ಲಿ, ಮನುಷ್ಯನಲ್ಲಿ ಹೇಗೆ ಹೇಗೆ ರೂಪತಾಳುತ್ತದೆಂದು ವಿವರಿಸಿದರು. ಸಕಲ ಜೀವಾತ್ಮರಿಗೂ ಲೇಸನ್ನು ಬಯಸಿದ ಪರಂಪರೆಯಲ್ಲಿ ಬೆಳೆದವರಿಗೆ, ಇಲಿಯ ದೇಹವೂ ಮನುಷ್ಯನ ದೇಹವೂ ಒಂದೇ ಬಗೆಯ ಇಟ್ಟಿಗೆಗಳಿಂದ ಕಟ್ಟಿದವೆಂಬ ಈ ದರ್ಶನವು ಹೃದ್ಯವಾಗಿಯೇ ತೋರುವುದು.

ಟ್ಯೂಬಿಂಗನ್‌ನಲ್ಲಿ ಅವರು ಹದಿನೆಂಟು ವರ್ಷಗಳ ಕಾಲ ಅಧ್ಯಾಪನ ಮಾಡಿದರು. 1860ರಲ್ಲಿ ನೀರುಚಿಗಟಗಳನ್ನು ಕುರಿತೂ, 1864ರಲ್ಲಿ ಪ್ರಾಣಿಶರೀರದ ರಚನೆಯನ್ನು ಕುರಿತೂ, 1872ರಲ್ಲಿ ಜರ್ಮನಿಯ ಹಲ್ಲಿಗಳನ್ನು ಕುರಿತೂ ಗ್ರಂಥಗಳನ್ನು ಬರೆದರು. 1875ರಲ್ಲಿ ಬಾನ್ ವಿಶ್ವವಿದ್ಯಾಲಯಕ್ಕೆ ತುಲನಾತ್ಮಕ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿ ಹೋದರು. 1877ರಲ್ಲಿ ಅವರ ನಾಡಿನ ಕಪ್ಪೆಗಳನ್ನು ಕುರಿತ ಗ್ರಂಥವೂ ಹೊರಬಂದಿತು. ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ವಿದೇಶೀ ಸದಸ್ಯರನ್ನಾಗಿ ಆರಿಸಿಕೊಂಡಿತು. ಬೊಲೋನ್ಯ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಪ್ರಭುತ್ವವು ಅವರನ್ನು ಕುಲೀನ ಪದವಿಗೆ ಏರಿಸಿತು. ಇಷ್ಟೆಲ್ಲ ಮನ್ನಣೆ ಬಂದರೂ ಬೆಳಗಾದೊಡನೆ ಕಿಟಕಿಯ ಬಳಿ ಸೂಕ್ಷ್ಮದರ್ಶಕದ ಮುಂದೆ ಕೂಡುವ ವ್ರತಕ್ಕೆ ಭಂಗ ಬರಲಿಲ್ಲವೆಂಬುದಕ್ಕೆ ಅವರು ಬರೆದ ಗ್ರಂಥಗಳ ಸಾಲೇ ಸಾಕ್ಷಿ.

ಕೊನೆಯ ವರ್ಷಗಳು

1887ರಲ್ಲಿ ಲೈಡಿಗ್ ಅವರು ಸೇವೆಯಿಂದ ನಿವೃತ್ತರಾದರು. ಬಾಳಿನ ಸಂಜೆಯನ್ನು ಕಳೆಯಲು ಹುಟ್ಟೂರಾದ ರೋಥೆನ್‌ಬುರ್ಗ್‌ಗೆ ಮರಳಿದರು. ಅವರ ಧರ್ಮಪತ್ನಿ ಕ್ಯಾಥರಿನಾ ಅವರು ಎರ್ಲಾಂಗನ್‌ನ ಶಸ್ತ್ರಚಿಕಿತ್ಸಾ ಪ್ರಾಧ್ಯಾಪಕರೊಬ್ಬರ ಮಗಳು. ಈ ದಂಪತಿಗಳಿಗೆ ಮಕ್ಕಳಿರಲಿಲ್ಲ. ಸಂತಾನೋತ್ಪತ್ತಿಯ ಅಂಗಗಳನ್ನು ಕುರಿತು ಲೋಕಕ್ಕೆ ತಿಳಿವನ್ನು ಕೊಟ್ಟವರ ಮನೆಯಲ್ಲಿ ಸಂತಾನವಾಗಲಿಲ್ಲವೆಂಬುದು ವಿಧಿಯ ವಿಲಾಸ. ಅವರ ಹೆಸರನ್ನು ಉಳಿಸಿದುದು ಅವರು ಕಂಡ ಕೋಶಗಳು.

ನಿವೃತ್ತಿಯ ನಂತರವೂ ಟೌಬರ್ ಕಣಿವೆಯ ಗಿಡ, ಕಲ್ಲು, ಹುಳು, ಹಕ್ಕಿಗಳನ್ನು ನೋಡುತ್ತ ಟಿಪ್ಪಣಿ ಬರೆಯುತ್ತಿದ್ದರು. ಬಾಲ್ಯದಲ್ಲಿ ತಂದೆಯ ಜೊತೆಗೆ ಕಂಡ ನಿಸರ್ಗವನ್ನು ಎಂಬತ್ತರ ಮುಪ್ಪಿನಲ್ಲಿ ಮತ್ತೆ ಕಂಡು ಬರೆದ ಅವರ ಗ್ರಂಥ 1902ರಲ್ಲಿ ಪ್ರಕಟವಾಯಿತು. 1908ರ ಏಪ್ರಿಲ್ 13ರಂದು, ಎಂಬತ್ತೇಳನೆಯ ವರ್ಷ ತುಂಬಲು ಕೆಲವೇ ವಾರಗಳಿರುವಾಗ, ಹುಟ್ಟಿದ ಊರಿನಲ್ಲಿಯೇ ಅವರು ದೇಹವನ್ನು ಬಿಟ್ಟರು.

ಕುರುಹಿನಿಂದ ಅರಿವಿಗೆ

ಲೈಡಿಗ್ ಅವರ ಜೀವಿತದ ಕೊನೆಯ ಐದು ವರ್ಷಗಳಲ್ಲಿಯೇ ಅವರು ಕಂಡ ಕುರುಹು ಅರಿವಾಗಿ ಮಾರ್ಪಡತೊಡಗಿತು. ಈ ನಡುವೆ, 1865ರಲ್ಲಿ, ಇಟಲಿಯ ಎನ್ರಿಕೊ ಸೆರ್ಟೋಲಿ ಅವರು ನಾಳಿಕೆಯ ಒಳಗೆ ಬೀಜಕೋಶಗಳಿಗೆ ಆಸರೆಯಾಗಿ ನಿಂತ ಮತ್ತೊಂದು ಬಗೆಯ ಕೋಶಗಳನ್ನು ಗುರುತಿಸಿದ್ದರು. ಹೊರಗಿನ ಕೋಶಗಳ ಕೆಲಸವೇನೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. 1903ರಲ್ಲಿ ಫ್ರಾನ್ಸ್ ದೇಶದ ನ್ಯಾನ್ಸಿ ನಗರದಲ್ಲಿ ಪೋಲ್ ಬ್ವಾಂ ಮತ್ತು ಪಾಲ್ ಆಂಸೆಲ್ ಎಂಬ ಇಬ್ಬರು ವಿಜ್ಞಾನಿಗಳು ಅದಕ್ಕೆ ಉತ್ತರವನ್ನು ಮುಂದಿಟ್ಟರು. ಬೀಜ ಹೊರಬರುವ ನಾಳವನ್ನು ಕಟ್ಟಿದ ಪ್ರಾಣಿಗಳನ್ನೂ, ವೃಷಣವು ಕೆಳಗಿಳಿಯದೆ ಹೊಟ್ಟೆಯಲ್ಲಿಯೇ ಉಳಿದ ಪ್ರಾಣಿಗಳನ್ನೂ ಅವರು ಪರೀಕ್ಷಿಸಿದರು. ಗಿನಿಪಿಗ್ ಎಂಬ ದಂಶಕವೂ ಅವುಗಳಲ್ಲಿ ಒಂದು. ಅಂತಹ ವೃಷಣಗಳಲ್ಲಿ ಬೀಜ ಹುಟ್ಟಿಸುವ ಕೋಶಗಳು ನಶಿಸಿದ್ದವು; ಆದರೂ ಪ್ರಾಣಿಯು ಗಂಡಿನ ಲಕ್ಷಣಗಳನ್ನು ಕಳೆದುಕೊಂಡಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲೈಡಿಗ್ ಅವರ ಕೋಶಗಳು ಮಾತ್ರ ಅಲ್ಲಿ ಹಾಗೆಯೇ ಇದ್ದವು. ಗಂಡಿನ ಲಕ್ಷಣಗಳಿಗೆ ಕಾರಣವಾದ ರಸವು ಈ ಕೋಶಗಳಿಂದಲೇ ಸ್ರವಿಸಿ ರಕ್ತಕ್ಕೆ ಸೇರುತ್ತದೆಂಬ ತೀರ್ಮಾನಕ್ಕೆ ಅವರು ಬಂದರು. ಅವು ರಕ್ತನಾಳಗಳ ಜಾಡು ಹಿಡಿದು ನಿಂತಿರುವುದಾಗಿ 1850ರಲ್ಲಿ ಬರೆದಿಟ್ಟ ಮಾತಿಗೆ ಅರ್ಥ ಬಂದುದು ಆಗ.

ಆ ರಸವನ್ನು ಕೈಗೆ ಹಿಡಿಯಲು ಇನ್ನೂ ಮೂರು ದಶಕಗಳು ಹಿಡಿದವು. 1931ರಲ್ಲಿ ಜರ್ಮನಿಯ ಬುಟೆನಾಂಟ್ ಅವರು ಸುಮಾರು 15,000 ಲೀಟರ್ ಮೂತ್ರದಿಂದ 15 ಮಿಲಿಗ್ರಾಂನಷ್ಟು ಸಂಬಂಧಿತ ರಾಸಾಯನಿಕವನ್ನು ಬೇರ್ಪಡಿಸಿದರು. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಲಾಕ್ವೆರ್ ಅವರ ತಂಡವು ಸುಮಾರು 100 ಕಿಲೋಗ್ರಾಂ ಹೋರಿ ವೃಷಣಗಳಿಂದ 10 ಮಿಲಿಗ್ರಾಂನಷ್ಟು ಮೂಲ ಹಾರ್ಮೋನನ್ನು ಪಡೆದು ಅದಕ್ಕೆ ಟೆಸ್ಟೊಸ್ಟಿರೋನ್ ಎಂದು ಹೆಸರಿಟ್ಟಿತು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಚ್ಕಾ ಅವರು ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಇಬ್ಬರಿಗೂ ಹಂಚಿಕೆಯಾಯಿತು. ಆ ದಿನಗಳಲ್ಲಿ ಹಾರ್ಮೋನಿನ ಬಲವನ್ನು ಅಳೆಯುವ ತಕ್ಕಡಿಯೂ ಇಲಿಯೇ ಆಗಿತ್ತು. ವೃಷಣ ತೆಗೆದ ಇಲಿಯಲ್ಲಿ ಪ್ರಾಸ್ಟೇಟ್ ಮತ್ತು ವೀರ್ಯಕೋಶಿಕೆಗಳು ಕುಗ್ಗುತ್ತವೆ. ಹಾರ್ಮೋನು ಕೊಟ್ಟರೆ ಮತ್ತೆ ತುಂಬಿಕೊಳ್ಳುತ್ತವೆ. ಅವುಗಳ ತೂಕವೇ ಅಳತೆಗೋಲು. ಲೈಡಿಗ್ ಅವರು ಒಂದೇ ಪ್ರಬಂಧದಲ್ಲಿ ವೃಷಣವನ್ನೂ ಈ ಸಹಾಯಕ ಗ್ರಂಥಿಗಳನ್ನೂ ಕೂಡಿಸಿ ವರ್ಣಿಸಿದುದು ಎಷ್ಟು ಸಾರ್ಥಕವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಇದೇ ತತ್ತ್ವವನ್ನು ಅನುಸರಿಸಿ 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಅವರು ಪ್ರಾಸ್ಟೇಟ್ ಕ್ಯಾನ್ಸರಿಗೆ ಹೊಸ ಚಿಕಿತ್ಸೆಯನ್ನು ತೋರಿಸಿ 1966ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.

ನಮ್ಮ ನಾಡಿಗೂ ಇದರ ಸಂಬಂಧವಿಲ್ಲದಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ, 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿಯೂ ಪ್ರಾಣಿಶಾಸ್ತ್ರದ ವಿದ್ವಾಂಸರು ಇಲಿಗಳ ವೃಷಣದ ಅಂಗಾಂಶಗಳನ್ನು ಅಭ್ಯಾಸ ಮಾಡುತ್ತ ಬಂದಿದ್ದಾರೆ.

ಸಮಾಜಕ್ಕೆ ದೊರೆತ ಬೆಳಕು

ವಿಜ್ಞಾನದ ಈ ಶೋಧನೆಯಿಂದ ಹಳ್ಳಿಯ ಬಾಳಿಗೇನು ಪ್ರಯೋಜನವೆಂದು ಕೇಳಬಹುದು. ಪ್ರಯೋಜನ ಬಹಳವಿದೆ. ಬೀಜ ಹುಟ್ಟುವ ಸ್ಥಾನ ಬೇರೆ, ಗಂಡಿನ ಲಕ್ಷಣಗಳನ್ನು ಕೊಡುವ ರಸ ಹುಟ್ಟುವ ಸ್ಥಾನ ಬೇರೆ ಎಂಬುದು ಲೈಡಿಗ್ ಅವರ ಕೋಶಗಳಿಂದ ಸಿದ್ಧವಾದ ಸತ್ಯ. ಗಡ್ಡಮೀಸೆ, ದನಿಯ ಗಾಂಭೀರ್ಯ, ಮೈಯ ಕಸುವು ಎಲ್ಲವೂ ಇದ್ದ ಗಂಡಸಿನಲ್ಲಿಯೂ ಬೀಜದ ಕೊರತೆ ಇರಬಹುದು. ಹೀಗಿರುವಾಗ ಮಕ್ಕಳಾಗದ ಮನೆಯಲ್ಲಿ ಹೆಣ್ಣೊಬ್ಬಳನ್ನೇ ಬಂಜೆಯೆಂದು ಹಳಿದು, ಆಕೆಯನ್ನು ತವರಿಗೆ ಅಟ್ಟಿ ಮತ್ತೊಂದು ಮದುವೆಗೆ ಹೊರಡುವುದು ಅಧರ್ಮವಷ್ಟೇ ಅಲ್ಲ, ಅಜ್ಞಾನವೂ ಹೌದು. ದಂಪತಿಗಳಿಬ್ಬರೂ ಪರೀಕ್ಷೆಗೆ ಒಳಗಾಗಬೇಕೆಂಬುದು ನ್ಯಾಯ.

ಹಾಗೆಯೇ ಸಂತಾನನಿಯಂತ್ರಣದ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡರೆ ಗಂಡಸುತನ ಕುಂದಿ ಹೊಲದ ದುಡಿಮೆಗೆ ಬಲ ಸಾಲದೆಂಬ ಭಯ ಜನರಲ್ಲಿ ಬೇರೂರಿದೆ. ಅದರಿಂದಾಗಿ ನಮ್ಮ ದೇಶದಲ್ಲಿ ಆ ಚಿಕಿತ್ಸೆಯ ಭಾರವೆಲ್ಲ ಬಹುತೇಕ ಹೆಣ್ಣುಮಕ್ಕಳ ಮೇಲೆಯೇ ಬಿದ್ದಿದೆ. ಹೋರಿಗೆ ಬೀಜ ಒಡೆಸುವುದಕ್ಕೂ ಈ ಚಿಕಿತ್ಸೆಗೂ ಅಜಗಜಾಂತರವಿದೆ. ಅಲ್ಲಿ ಇಡೀ ಗ್ರಂಥಿಯೇ ನಾಶವಾಗುತ್ತದೆ. ಇಲ್ಲಿ ಬೀಜ ಸಾಗುವ ಕಾಲುವೆಯನ್ನು ಮಾತ್ರ ಕಟ್ಟುತ್ತಾರೆ. ಸಂದಿನಲ್ಲಿರುವ ಲೈಡಿಗ್ ಕೋಶಗಳು ತಮ್ಮ ರಸವನ್ನು ಕಾಲುವೆಗೆ ಬಿಡುವುದಿಲ್ಲ, ನೇರವಾಗಿ ರಕ್ತಕ್ಕೆ ಬಿಡುತ್ತವೆ. ಆದುದರಿಂದ ಕಸುವು ಕುಂದುವ ಮಾತೇ ಇಲ್ಲ. ಉಪಕಾಲುವೆಯ ತೂಬನ್ನು ಮುಚ್ಚಿದರೆ ತುಂಗಭದ್ರೆಯ ಹರಿವು ನಿಲ್ಲುವುದಿಲ್ಲವೆಂಬುದನ್ನು ಪೋತ್ನಾಳದ ಗದ್ದೆಯ ರೈತನಿಗೆ ವಿವರಿಸಿ ಹೇಳಬೇಕೆ? ಶಾಲೆಯಲ್ಲಿ ಈ ಪಾಠವನ್ನು ನಾಚಿಕೆಯಿಂದ ಹಾರಿಸಿಬಿಟ್ಟರೆ, ಆ ಅಜ್ಞಾನದ ದಂಡವನ್ನು ನಾಳೆ ಯಾವುದೋ ಮನೆಯ ಹೆಣ್ಣುಮಗಳು ತೆರಬೇಕಾಗುತ್ತದೆ. ಹೆಣ್ಣುಗಂಡೆಂಬ ಭೇದವನ್ನು ಒಪ್ಪದ ಶರಣರ ನಾಡಿನಲ್ಲಿ ಹೀಗಾಗಕೂಡದು.

ಮಠದ ಜೋಳಿಗೆಯಿಂದ ಬೆಳೆದ ವಿದ್ಯಾಲಯಗಳಲ್ಲಿ ಅಕ್ಷರದಾಸೋಹವೂ ಅನ್ನದಾಸೋಹದಷ್ಟೇ ಪವಿತ್ರ. ದಾನಿಗಳು ಕೊಟ್ಟ ಒಂದು ಸೂಕ್ಷ್ಮದರ್ಶಕವು ಬೀರುವಿನಲ್ಲಿ ಧೂಳು ಹಿಡಿದು ಕೂಡಬಹುದು. ಅಥವಾ ಹನ್ನೆರಡು ವರ್ಷದ ಬಾಲಕನೊಬ್ಬನ, ಬಾಲಕಿಯೊಬ್ಬಳ ಕಣ್ಣನ್ನು ತೆರೆಯಿಸಬಹುದು. ಯಾವುದಾಗಬೇಕೆಂಬುದು ಅಧ್ಯಾಪಕರ ಕೈಯಲ್ಲಿದೆ. ಫ್ರಾಂಟ್ಸ್ ಲೈಡಿಗ್ ಅವರು ಫಲವನ್ನು ಕಾಣುವ ಮೊದಲೇ ಬೀಜವನ್ನು ಬಿತ್ತಿ ನಡೆದರು. ಬೆಳೆಯನ್ನು ಲೋಕ ಕೊಯ್ದುಕೊಂಡಿತು. ಇದ್ದುದನ್ನು ಇದ್ದಂತೆ ಕಾಣುವ ಅವರ ನಿಷ್ಠೆಯು ನಮ್ಮ ವಿದ್ಯಾರ್ಥಿಗಳಿಗೆ ದಾರಿದೀಪವಾಗಲಿ.